ವಾರಕ್ಕೊಮ್ಮೆ ಆಯಿಲ್ ಕೇಳುವ ಬೈಕ್

ಲಾಕ್‌ಡೌನ್‌ಗಳೆಲ್ಲ ಮುಗಿದ ಮರು ವರ್ಷ ನಾನು ಕಾಪುವಿನಲ್ಲಿ ಒಂದೇ ಶಟರಿನ ಗ್ಯಾರೇಜು ತೆರೆದೆ. ಅದಕ್ಕೆ ಮೊದಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಗಲ್ಫಿನ ಒಂದು ಮೋಟೋಕ್ರಾಸ್ ಟ್ರ್ಯಾಕಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಮೋಟೋಕ್ರಾಸ್ ಎಂದರೆ ಮಣ್ಣಿನ ದಿಬ್ಬಗಳ ಮೇಲೆ ಬೈಕನ್ನು ಹಾರಿಸುತ್ತಾ ಓಡಿಸುವ ಪಂದ್ಯ. ಆ ಬೈಕಿಗೆ ಲೈಟಿಲ್ಲ, ನಂಬರ್ ಪ್ಲೇಟಿಲ್ಲ, ರಸ್ತೆಗೆ ಇಳಿಸುವ ಹಾಗೂ ಇಲ್ಲ. ಕಾಪುವಿನಲ್ಲಿ ಅದನ್ನು ಕಂಡವರೇ ಕಡಿಮೆ. ಇನ್ನಂಜೆ ಕಡೆಯಿಂದ ಬರುವ ಸ್ಕೂಟರುಗಳ ಬ್ರೇಕ್ ಬಿಗಿ ಮಾಡುತ್ತಾ ನಾನು ಕಲಿತ ವಿದ್ಯೆಗೆಲ್ಲ ತುಕ್ಕು ಹಿಡಿಸುತ್ತಿದ್ದೆ.

ಮನೆಯಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಹೆಂಡತಿ ನಾನಿಲ್ಲದೆಯೇ ಮನೆ ಕಟ್ಟಿಸಿದ್ದಳು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ರಜೆಗೆ ಬಂದಾಗ ನಡೆಯುತ್ತಿದ್ದ ಉಪಚಾರವೇ ಈಗಲೂ ನಡೆಯುತ್ತಿತ್ತು. ಊಟಕ್ಕೆ ಮೊದಲು ನನಗೇ ಬಡಿಸುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ಅವರ ನಗು ಮಾತು ನಿಲ್ಲುತ್ತಿತ್ತು. ಯಾರದೂ ತಪ್ಪಲ್ಲ, ಆದರೆ ಸ್ವಂತ ಮನೆಯಲ್ಲಿ ನೆಂಟನಾಗಿರುವುದು ಬಹಳ ಬೇಸರದ ಕೆಲಸ. ಹಾಗಾಗಿ ಕೆಲಸವಿಲ್ಲದ ಭಾನುವಾರವೂ ಗ್ಯಾರೇಜು ತೆರೆದು ಕೂರುತ್ತಿದ್ದೆ.

ಅಂಥ ಒಂದು ಭಾನುವಾರ ಈರಣ್ಣನವರು ಬಂದರು. ಬಾಗಲಕೋಟೆ ಕಡೆಯವರು, ವಯಸ್ಸು ನಲವತ್ತು ದಾಟಿತ್ತು. ಕೂಲಿಗೆಂದು ಈ ಕಡೆ ಬಂದು, ಜೆಸಿಬಿ ಓಡಿಸಲು ಕಲಿತು, ಈಗ ಸ್ವಂತ ಜೆಸಿಬಿ ಇಟ್ಟುಕೊಂಡು ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ನನ್ನ ಗಲ್ಫಿನ ಕೆಲಸದ ವಿಷಯ ಯಾರೋ ಹೇಳಿದ್ದರಂತೆ.

"ಭಾಯ್, ಬೆಂಗಳೂರಾಗ ಎರಡು ಮೋಟೋಕ್ರಾಸ್ ಗಾಡಿ ಮಾರಾಕ ಅದಾವು. ಒಂದು ಟೂ-ಸ್ಟ್ರೋಕ್, ಇನ್ನೊಂದು ಫೋರ್-ಸ್ಟ್ರೋಕ್. ಯಾವ್ದು ತಗೋಬೇಕ್ರೀ?"

ಊರಿಗೆ ಮರಳಿದ ಮೇಲೆ ಯಾರೂ ಕೇಳದಿದ್ದ ಪ್ರಶ್ನೆ. ಕೂತಲ್ಲಿಂದ ಎದ್ದು, "ಮೊದಲು ಓಡಿಸುವ ಜಾಗ ತೋರಿಸಿ" ಎಂದೆ.

ಕುಕ್ಕುಂದೂರಿನಾಚೆ ಕಲ್ಲು ಕಡಿದು ಬಿಟ್ಟುಹೋದ ಒಂದು ಕೆಂಪುಕಲ್ಲಿನ ಕೋರೆ. ಈರಣ್ಣ ಅದನ್ನು ಲೀಸಿಗೆ ಹಿಡಿದು, ತಮ್ಮ ಜೆಸಿಬಿಯಿಂದಲೇ ಅದರೊಳಗೆ ಟ್ರ್ಯಾಕ್ ಕೊರೆದಿದ್ದರು. ದಿಬ್ಬಗಳ ಏರು, ಇಳಿಜಾರು, ತಿರುವಿನಲ್ಲಿ ಚಕ್ರಕ್ಕೆ ಆನಿಕೆಯಾಗುವ ಮಣ್ಣಿನ ಗೋಡೆ, ಎಲ್ಲವನ್ನೂ ಬಕೆಟ್ಟಿನ ಬೆನ್ನಿನಿಂದ ಸವರಿ ನುಣುಪು ಮಾಡಿದ್ದರು. ಚಿಕ್ಕಂದಿನಲ್ಲಿ ಯಾರದೋ ಟಿವಿಯಲ್ಲಿ ನೋಡಿದ ಪಂದ್ಯವಂತೆ. ಅಂದಿನಿಂದ ಮನಸ್ಸಿನಲ್ಲಿದ್ದದ್ದು. ಅಷ್ಟು ಚೆಂದದ ಟ್ರ್ಯಾಕಿನಲ್ಲಿ ಅವರ ಹಳೆಯ ಬೈಕಿನ ಚಕ್ರದ ಒಂದು ಗೆರೆ ಮಾತ್ರ ಇತ್ತು.

"ನಿಮ್ಮೊಟ್ಟಿಗೆ ಓಡಿಸುವವರು ಯಾರು?"

"ಯಾರೂ ಇಲ್ರೀ. ನಾ ಒಬ್ಬನ."

ನನಗೆ ಉತ್ತರ ಅಲ್ಲೇ ಸಿಕ್ಕಿತು. ಹೊಸಬನಿಗೆ ಫೋರ್-ಸ್ಟ್ರೋಕ್ ಸುಲಭ, ನಿಜ. ಅದು ಕಡಿಮೆ ವೇಗದಿಂದಲೇ ಹದವಾಗಿ ಎಳೆಯುತ್ತದೆ. ಟೂ-ಸ್ಟ್ರೋಕ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಇದ್ದಕ್ಕಿದ್ದಂತೆ ಮೈಮೇಲೆ ಬಂದವರ ಹಾಗೆ ನುಗ್ಗುತ್ತದೆ. ಆದರೆ ಒಬ್ಬನೇ ಓಡಿಸುವವನ ಲೆಕ್ಕ ಬೇರೆ. ಅವರು ನೋಡಿಟ್ಟಿದ್ದ ಟೂ-ಸ್ಟ್ರೋಕ್ ಇನ್ನೊಂದಕ್ಕಿಂತ ಹತ್ತು ಕೆಜಿಯಷ್ಟು ಹಗುರ, ಬಿದ್ದರೆ ಒಬ್ಬನೇ ಎತ್ತಬಹುದು. ಅದರಲ್ಲಿ ವಾಲ್ವ್ ಇಲ್ಲ, ಎಂಜಿನ್ನಿಗೆ ಬೇಕಾದ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಿದರಾಯಿತು. ಪಿಸ್ಟನ್ ಸವೆದರೆ ನಾಲ್ಕು ಸ್ಪ್ಯಾನರ್ ಇದ್ದವನು ಮನೆಯಲ್ಲೇ ಬದಲಿಸಬಹುದು. ಫೋರ್-ಸ್ಟ್ರೋಕ್ ಹಾಗಲ್ಲ. ಎಂಜಿನ್ನಿನೊಳಗೆ ಹಿಡಿಯುವುದೇ ಒಂದು ಲೀಟರಿನಷ್ಟು ಆಯಿಲ್, ಅದು ಬೇಗ ಕೆಡುತ್ತದೆ. ವಾಲ್ವಿನ ಸಂದು ಕೂದಲೆಳೆಯಷ್ಟು ಬದಲಾದರೂ ಅಳೆದು ಸರಿಮಾಡಬೇಕು. ಅದಕ್ಕೆ ಬಲ್ಲವರ ಕೈಯೇ ಬೇಕು.

"ಟೂ-ಸ್ಟ್ರೋಕ್ ತೆಗೆದುಕೊಳ್ಳಿ" ಎಂದೆ. "ಒಂದು ದಿನ ಕೂತರೆ ಎಲ್ಲ ಕಲಿಸಿಕೊಡುತ್ತೇನೆ. ಮತ್ತೆ ನೀವು ನನ್ನ ಹತ್ತಿರ ಬರುವ ಅಗತ್ಯವೇ ಇಲ್ಲ."

ಈರಣ್ಣ ತಲೆಯಾಡಿಸಿದರು. ಕೆಲವು ದಿನ ಕಳೆದು ಅವರ ಪಿಕಪ್ ನನ್ನ ಬಾಗಿಲಲ್ಲಿ ನಿಂತಿತು. ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದು ಫೋರ್-ಸ್ಟ್ರೋಕ್.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಎಂದು ನನಗೆ ಸಿಟ್ಟು ಬಂತು. "ಅಲ್ಲ ಮಾರಾಯ್ರೆ, ನಿಮ್ಮದೇ ಮಾಡುವುದಾದರೆ ನನ್ನ ಹತ್ತಿರ ಕೇಳಿದ್ದು ಎಂತಕ್ಕೆ?"

ಅವರು ಹಗ್ಗ ಬಿಚ್ಚುತ್ತಾ ಕೇಳಿದರು, "ಇದರ ಆಯಿಲ್ ಎಷ್ಟು ದಿನಕ್ಕ ಬದಲ ಮಾಡ್ಬೇಕ್ರೀ?"

"ನೀವು ಓಡಿಸುವ ಲೆಕ್ಕಕ್ಕೆ ವಾರಕ್ಕೊಮ್ಮೆ."

"ಆತು ಬಿಡ್ರಿ" ಎಂದು ಮುಗುಳ್ನಕ್ಕರು. ಆ ನಗುವಿನ ಅರ್ಥ ನನ್ನ ತಲೆಗೆ ಹೋಗಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವರು ಕೋರೆಯಲ್ಲಿ ಓಡಿಸುವುದು, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನಾನು ಗ್ಯಾರೇಜಿಗೆ ಬರುವ ಹೊತ್ತಿಗೆ ಬೈಕನ್ನು ತಂದು ಇಳಿಸುವುದು. ಅರ್ಧ ಗಂಟೆಯ ಕೆಲಸ. ಈರಣ್ಣ ಮಾತ್ರ ದೀಪ ಹಚ್ಚುವವರೆಗೆ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಆ ವಾರ ಯಾವ ದಿಬ್ಬ ಹಾರಿದರು, ಯಾವ ತಿರುವಿನಲ್ಲಿ ಹೆದರಿದರು ಎಂದು ಹೇಳುತ್ತಿದ್ದರು. ನಾನು ಮರಳಿನ ಟ್ರ್ಯಾಕಿನ ಕಥೆ ಹೇಳುತ್ತಿದ್ದೆ. ನನ್ನ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಅವರು ಕೇಳುತ್ತಿದ್ದರು. ಶನಿವಾರ ಸಂಜೆಯೇ ನಾನು ಆ ಸ್ಟೂಲು ಒರೆಸಿ ಇಡುವುದಕ್ಕೆ ಶುರು ಮಾಡಿದ್ದೆ.

ಮಳೆ ಬಿಟ್ಟ ಮೇಲಿನ ಒಂದು ಭಾನುವಾರ ಪಿಕಪ್ ಬರಲಿಲ್ಲ. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ. ಕೋರೆಯ ತಳದಲ್ಲಿ ಸಿಗ್ನಲ್ ಇಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಈ ಹೊತ್ತಿನಲ್ಲಿ ಅವರು ಕೋರೆಯಲ್ಲಿ ಇರಬಾರದಿತ್ತು. ಯಾರದೋ ಅರ್ಜೆಂಟ್ ಕೆಲಸಕ್ಕೆ ಹೋಗಿರಬಹುದು ಎಂದುಕೊಂಡೆ. ಆದರೆ ಆ ಮನುಷ್ಯ ಬಾರದಿದ್ದರೆ ಗಮನಿಸುವವರು ಈ ಊರುಗಳಲ್ಲಿ ಬೇರೆ ಯಾರಿದ್ದಾರೆ? ಆ ಯೋಚನೆ ಬಂದ ಮೇಲೆ ಕೂರಲಾಗಲಿಲ್ಲ. ಶಟರ್ ಎಳೆದು, ಶಿರ್ವ, ಬೆಳ್ಮಣ್ ದಾರಿಯಾಗಿ ಸ್ಕೂಟರ್ ಓಡಿಸಿದೆ.

ಕೋರೆಯ ಬಾಯಿಯಲ್ಲಿ ಪಿಕಪ್ ನಿಂತಿತ್ತು. ಎಂಜಿನ್ನಿನ ಸದ್ದಿರಲಿಲ್ಲ. ಕೆಳಗೆ ದೊಡ್ಡ ದಿಬ್ಬದಾಚೆ ಬೈಕ್ ಕಲ್ಲಿನ ಗೋಡೆಗೆ ಒರಗಿ ಬಿದ್ದಿತ್ತು, ಈರಣ್ಣನ ಕಾಲು ಅದರ ಅಡಿಯಲ್ಲಿತ್ತು. ಬೆಳಿಗ್ಗೆ ಬಿದ್ದವರು. ಎತ್ತಲು ನೋಡಿ, ಕೂಗಿ, ಗಂಟಲು ಒಣಗಿ ಸುಮ್ಮನಾಗಿದ್ದರು. ನಾನು ಬೈಕಿಗೆ ಹೆಗಲು ಕೊಟ್ಟು ಎತ್ತಿ ಸರಿಸಿದೆ.

"ಬರ್ತೀರಂತ ಗೊತ್ತಿತ್ತ್ರೀ ಭಾಯ್" ಎಂದರು. "ಇವತ್ತ ಆಯಿಲ್ ದಿನಾ."

ನನಗೆ ಅಳು ಬಂತು. ಪಿಕಪ್ಪಿನಿಂದ ನೀರು ತರುವ ನೆಪದಲ್ಲಿ ಮುಖ ತಿರುಗಿಸಿದೆ.

ಮಣಿಪಾಲದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ರಾಡ್ ಹಾಕಿದರು. "ನೀವು ಅವರಿಗೆ ಎಂತ ಆಗಬೇಕು?" ಎಂದು ನರ್ಸ್ ಕೇಳಿದರು. "ಮೆಕ್ಯಾನಿಕ್" ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಹೊರಗೆ ಕುಳಿತುಕೊಳ್ಳಲು ಹೇಳಿದರು.

ಮರುದಿನ ನನ್ನ ಹಳೆಯ ಸಿಟ್ಟು ಮರಳಿತು. "ಟೂ-ಸ್ಟ್ರೋಕ್ ಆಗಿದ್ದರೆ ನೀವೇ ಎತ್ತಿ ಏಳುತ್ತಿದ್ದಿರಿ. ಹೇಳಿದ್ದೆ ಅಲ್ವಾ?"

ಈರಣ್ಣ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಕಡೆ ನೋಡಿದರು. "ಅದನ್ನ ತಗೊಂಡಿದ್ರ ಎಲ್ಲಾ ನಾನ ಮಾಡ್ಕೋತಿದ್ದೆ. ನಿಮ್ಮ ಕಡೆ ಬರಾಕ ಕೆಲಸಾನ ಇರ್ತಿರಲಿಲ್ಲ. ನೀವ ಹೇಳಿದ್ರಲ್ಲ, ಬರೋದ ಬೇಕಾಗಿಲ್ಲ ಅಂತ."

ಆ ಕಾಲನ್ನು ಹಿಡಿದಿಟ್ಟದ್ದು ಆ ಬೈಕಿನ ಭಾರವೇ, ನನ್ನನ್ನು ಅಲ್ಲಿಗೆ ಓಡಿಸಿದ್ದೂ ಅದರ ಆಯಿಲ್ಲೇ. ಯಾವುದು ಸರಿಯಾದ ಆಯ್ಕೆಯಾಗಿತ್ತು ಎಂದು ನಾನು ಇಂದಿಗೂ ನನ್ನೊಳಗೇ ವಾದ ಮಾಡುತ್ತೇನೆ, ತೀರ್ಪು ಸಿಕ್ಕಿಲ್ಲ. ಈಗ ಯಾವ ಗಾಡಿ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಬಾರದಿದ್ದರೆ ನಿಮ್ಮನ್ನು ಹುಡುಕುವವರು ಯಾರು ಎಂದು ಮೊದಲು ಕೇಳುತ್ತೇನೆ. ಉತ್ತರ ಸಿಗದಿದ್ದರೆ ಟೂ-ಸ್ಟ್ರೋಕನ್ನೇ ಹೇಳುತ್ತೇನೆ, ಅದಕ್ಕೂ ವಾರಕ್ಕೊಮ್ಮೆ ಸರ್ವಿಸ್ ಬೇಕು ಎಂದು ಸುಳ್ಳು ಸೇರಿಸುತ್ತೇನೆ.

ಈರಣ್ಣ ಮತ್ತೆ ಓಡಿಸಲಿಲ್ಲ. ಕೋರೆಯ ದಿಬ್ಬಗಳ ಮೇಲೆ ಹುಲ್ಲು ಬಂದಿದೆ. ಬೈಕ್ ನನ್ನ ಗ್ಯಾರೇಜಿನ ಮೂಲೆಯಲ್ಲಿದೆ. ಭಾನುವಾರ ಅವರು ಕೋಲೂರಿಕೊಂಡು ಬಸ್ಸಿಳಿದು ಬರುತ್ತಾರೆ. ನಾನು ಡ್ರೈನ್ ಬೋಲ್ಟ್ ಬಿಚ್ಚುತ್ತೇನೆ. ಓಡದ ಎಂಜಿನ್ನಿನ ಆಯಿಲ್ ಜೇನಿನ ಬಣ್ಣದಲ್ಲೇ ಇಳಿಯುತ್ತದೆ. ಅದನ್ನೇ ಸೋಸಿ ಮತ್ತೆ ಹಾಕುತ್ತೇನೆ. ಅವರೂ ಅದನ್ನು ನೋಡುತ್ತಾರೆ.

"ಆತೇನ್ರೀ ಭಾಯ್?"

"ಇಲ್ಲ, ಇನ್ನೂ ಸ್ವಲ್ಪ ಉಂಟು. ನೀವು ಕುಳಿತುಕೊಳ್ಳಿ."