ನಾನು ಓದದೆ ಬಿಟ್ಟ ಪುಟ

ಬೆಲ್ಜಿಯಂನ ಟೆರ್ವ್ಯೂರೆನ್ ಎಂಬ ಊರನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಬ್ರಸೆಲ್ಸಿನಿಂದ ಅಲ್ಲಿಗೆ ಹೋಗುವ ಟ್ರಾಮು ಯಾವ ಕಾಡಿನ ಬೀಚ್ ಎಂಬ ಜಾತಿಯ ಮರಗಳ ನಡುವೆ ಹಾಯುತ್ತದೆ, ಪಾರ್ಕಿನ ಕೆರೆಗಳು ಎತ್ತ ಇವೆ, ಎಲ್ಲ ಕೇಳಿ, ಹೇಳುತ್ತೇನೆ. ಧಾರವಾಡದಲ್ಲಿ ಹುಟ್ಟಿ ಬೆಳೆದವಳಾದರೂ ಕೆಲಗೇರಿ ಕೆರೆಯನ್ನು ಯಾರು ಕಟ್ಟಿಸಿದರು ಎಂದರೆ ನನಗೆ ಹೇಳಲು ಬರುವುದಿಲ್ಲ.

ಅದನ್ನೆಲ್ಲ ಕಲಿತದ್ದು ಇಲ್ಲಿ ಕೆನಡಾದ ಸ್ಟೌಫ್‌ವಿಲ್ ಊರಿನ ಒಬ್ಬ ಅಜ್ಜಿಯ ಮನೆಯಲ್ಲಿ. ನನ್ನದು ವಯಸ್ಸಾದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ. ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಹೋಗಿ ಅವರಿಗೆ ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಮಾತ್ರೆ ನುಂಗಿಸಿ ಮಧ್ಯಾಹ್ನದವರೆಗೂ ಜೊತೆಗಿರುತ್ತಿದ್ದೆ. ಅಜ್ಜಿ ಟೆರ್ವ್ಯೂರೆನ್ನಿನವರು, ಮದುವೆಯಾಗಿ ಕೆನಡಾಕ್ಕೆ ಬಂದವರು. ಕಣ್ಣು ಮಂಜಾಗಿತ್ತು, ಮರೆವೂ ಹತ್ತಿತ್ತು. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ, ನನ್ನ ಹೆಸರಂತೂ ದಿನಾ ಹೊಸದು. ಹುಟ್ಟಿದ ಊರು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅವರ ಮಗ ಆ ಊರಿನ ಇತಿಹಾಸ, ನೋಡತಕ್ಕ ಜಾಗಗಳು ಎಲ್ಲ ಇರುವ ಒಂದು ಇಂಗ್ಲಿಷ್ ಪುಸ್ತಿಕೆ ತರಿಸಿ ನನ್ನ ಕೈಗಿಟ್ಟರು.

“ದಿನಾ ಸ್ವಲ್ಪ ಓದಿ ಹೇಳಿ. ಅಮ್ಮನಿಗೆ ಉಳಿದಿರುವುದು ಅದೊಂದೇ,” ಎಂದರು.

ಓದತೊಡಗಿದೆ. ಬೇಟೆಗಾರರ ಸಂತನೊಬ್ಬ ಆ ಊರಲ್ಲೇ ಪ್ರಾಣ ಬಿಟ್ಟನಂತೆ, ಪಾರ್ಕಿನಲ್ಲಿ ಅವನ ಪುಟ್ಟ ಗುಡಿ ಇದೆ. ದೊರೆಗಳ ಅರಮನೆ ಇತ್ತು, ಕೆಡವಿದರು. ಕುದುರೆಲಾಳದ ಆಕಾರದಲ್ಲಿ ಕಟ್ಟಿದ ಲಾಯ ಇನ್ನೂ ನಿಂತಿದೆ. ನಾನು ಒಂದು ಸಾಲು ಓದಿದರೆ ಅಜ್ಜಿ ಹತ್ತು ಸಾಲು ಸೇರಿಸುತ್ತಿದ್ದರು. ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ಜಾರಿದ್ದು, ಅಣ್ಣನ ಒಂದು ಬೂಟು ನೀರುಪಾಲಾದದ್ದು. “ಇದನ್ನೆಲ್ಲ ಬರೆದವನು ಆ ಊರಿಗೆ ಹೋಗಿಯೇ ಇಲ್ಲ,” ಎಂದು ಲೇಖಕನನ್ನು ಹೀಯಾಳಿಸಿ ನಗುತ್ತಿದ್ದರು. ಆ ಒಂದು ಗಂಟೆ ಅವರಿಗೆ ಯಾವ ಕಾಯಿಲೆಯೂ ಇರುತ್ತಿರಲಿಲ್ಲ.

ಪುಸ್ತಿಕೆಯಲ್ಲಿ ಒಂದು ಪುಟವನ್ನು ಮಾತ್ರ ನಾನು ಓದಲಿಲ್ಲ. ಬಹಳ ಹಿಂದೆ ಆ ದೇಶದ ರಾಜ ಆಫ್ರಿಕಾದ ಕಾಂಗೋದಿಂದ ಜನರನ್ನು ಕರೆಸಿ, ಪಾರ್ಕಿನಲ್ಲಿ ಗುಡಿಸಲು ಹಾಕಿಸಿ, ಪ್ರದರ್ಶನಕ್ಕೆ ಇಟ್ಟಿದ್ದನಂತೆ. ಅವರಲ್ಲಿ ಏಳು ಜನ ಅಲ್ಲೇ ಸತ್ತರು. ಅವರ ಗೋರಿಗಳು ಚರ್ಚಿನ ಪಕ್ಕದಲ್ಲಿವೆ. ಇದನ್ನು ನಾನು ಒಬ್ಬಳೇ ಓದಿಕೊಂಡೆ. ನಮ್ಮ ಕಡೆ ಜಡ್ಡಾದವರ ಮುಂದೆ ಸಾವಿನ ಮಾತೆತ್ತುವುದಿಲ್ಲ. ಅಂಥ ಸುದ್ದಿ ಬಂದರೆ ಅಂಗಳಕ್ಕೆ ಹೋಗಿ ಪಿಸುಗುಟ್ಟಿ ಬರುತ್ತೇವೆ. ದವಾಖಾನೆಯಿಂದ ಹೊರಡುವಾಗ ಹೋಗ್ತೀನಿ ಎನ್ನುವುದಿಲ್ಲ, ಬರ್ತೀನಿ ಎನ್ನುತ್ತೇವೆ. ಹಾಗಾಗಿ ಚರ್ಚಿನ ಪುಟ ಮುಗಿದ ಮೇಲೆ ಎರಡು ಹಾಳೆ ಒಟ್ಟಿಗೆ ತಿರುವಿ ಆ ಊರಿನ ಮ್ಯೂಸಿಯಮ್ಮಿನ ಪುಟಕ್ಕೆ ಹಾರುತ್ತಿದ್ದೆ.

ಅಜ್ಜಿ ಆ ಜಾಗದಲ್ಲಿ ಪ್ರತಿಸಲ ತಲೆ ಎತ್ತುತ್ತಿದ್ದರು.

“ಚರ್ಚಿನ ಪಕ್ಕದಲ್ಲಿ ಏನೋ ಇದೆಯಲ್ಲ?”

“ಹೂದೋಟ ಇದೆ ಅಜ್ಜಿ,” ಎನ್ನುತ್ತಿದ್ದೆ. ಪುಸ್ತಿಕೆಯಲ್ಲಿ ಹೂದೋಟದ ಸುದ್ದಿಯೇ ಇರಲಿಲ್ಲ. ಅದು ನಾನೇ ನೆಟ್ಟದ್ದು.

ಅಕ್ಟೋಬರಿನಲ್ಲಿ ಇಲ್ಲಿಯ ಅಂಗಡಿಗಳ ಮುಂದೆಲ್ಲ ಸೇವಂತಿಗೆ ಕುಂಡಗಳು. ನನಗೋ ಸೇವಂತಿಗೆ ಎಂದರೆ ದೇವರ ಮಾಲೆ, ತುರುಬಿನ ದಂಡೆ. ಹಳದಿಯದೊಂದು ಕುಂಡ ಕೊಂಡು ಅಜ್ಜಿಯ ತೊಡೆಯ ಮೇಲಿಟ್ಟೆ. ಅವರು ಎಸಳು ಸವರಿದರು, ಬಗ್ಗಿ ಮೂಸಿದರು. ಮುಖ ಅರಳಿತು.

“ಒಂದೇ ತಂದೆಯಾ? ಅಪ್ಪ ಏಳು ತರುತ್ತಿದ್ದರು,” ಎಂದರು.

ಅವರ ಅಪ್ಪ ಪಾರ್ಕಿನ ಮಾಲಿ. ಪ್ರತಿ ನವೆಂಬರ್ ಒಂದಕ್ಕೆ, ಸತ್ತವರನ್ನು ನೆನೆಯುವ ಹಬ್ಬದಂದು, ಏಳು ಕುಂಡ ಸೇವಂತಿಗೆ ಒಯ್ದು ಚರ್ಚಿನ ಪಕ್ಕದ ಏಳು ಕಲ್ಲುಗಳ ಮೇಲೆ ಇಡುತ್ತಿದ್ದರಂತೆ. ಪಾಪ, ಇವರಿಗೆ ಹೂವಿಡಲು ಮನೆಯವರು ಯಾರು ಬರುತ್ತಾರೆ ಎನ್ನುತ್ತಿದ್ದರಂತೆ. ಕೊನೆಯ ಕುಂಡ ಮಗಳ ಕೈಯಲ್ಲಿರುತ್ತಿತ್ತು. ಅವರ ನಾಡಿನಲ್ಲಿ ಈ ಹೂವು ಗೋರಿಗೇ ಹೋಗುವಂಥದ್ದು.

ಕಾಯಿಲೆಯವರ ತೊಡೆಯ ಮೇಲೆ ಗೋರಿಯ ಹೂವು ಇಟ್ಟಿದ್ದೆನಲ್ಲ! ಹೇಗಾದರೂ ಮಾತು ಮುಗಿಸಬೇಕೆಂಬ ಗಾಬರಿಯಲ್ಲಿ ಹೇಳಿಬಿಟ್ಟೆ: “ಇಲ್ಲ ಅಜ್ಜಿ, ಅಲ್ಲಿ ಗೋರಿ ಗೀರಿ ಏನೂ ಇಲ್ಲ. ಹೂದೋಟ ಅಷ್ಟೇ. ಪುಸ್ತಕದಲ್ಲೇ ಬರೆದಿದೆ.”

ಅವರು ಹೂವಿನ ಮೇಲಿನ ಕೈ ತೆಗೆದರು. “ಪುಸ್ತಕದಲ್ಲಿ ಇಲ್ಲವಾ?” ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದೆ. ಕುಂಡವನ್ನು ಗ್ಯಾರೇಜಿನಲ್ಲಿಟ್ಟು ಬಂದೆ.

ಮನೆಗೆ ಬಂದು ಚಹಾ ಕುಡಿಯುವಾಗ ಗಂಡನಿಗೆ ಹೇಳಿದೆ. “ಛಲೋ ಮಾಡಿದಿ ಬಿಡ. ಜಡ್ಡಿನವರ ಮುಂದ ಗೋರಿ ಸುದ್ದಿ ಯಾಕ ಬೇಕ? ಟೆನ್ಶನ್ ತಗೋಬ್ಯಾಡ, ನಾಳಿಗೆ ಅವ್ರೇ ಮರೀತಾರ,” ಎಂದರು.

ಎಲ್ಲ ಮರೆಯುವ ಅಜ್ಜಿ ಅದೊಂದನ್ನು ಮರೆಯಲಿಲ್ಲ. ಮರುದಿನದಿಂದ ನಾನು ಓದುವಾಗ ಅವರು ಒಂದು ಮಾತೂ ಸೇರಿಸಲಿಲ್ಲ. ಅಣ್ಣನ ಬೂಟಿನ ಕತೆ ಕೇಳಿದರೆ, “ಪುಸ್ತಕದಲ್ಲಿ ಇದೆಯಾ?” ಎಂದು ನನ್ನನ್ನೇ ಕೇಳಿದರು. ದಣಿದಿದ್ದಾರೆ ಎಂದುಕೊಂಡೆ. ಎಂಥ ಮೂರ್ಖಳು ನಾನು.

ಮುಂದಿನ ವಾರ ಮಗ ಅಡುಗೆಮನೆಗೆ ಬಂದು ನಿಂತರು. “ಅಮ್ಮ ಡಾಕ್ಟರ ಮುಂದೆ ಅತ್ತುಬಿಟ್ಟರು. ತಲೆ ಪೂರ್ತಿ ಹೋಯಿತು, ಇಲ್ಲದ ಗೋರಿಗಳೆಲ್ಲ ನೆನಪಾಗುತ್ತಿವೆ ಎಂದರು. ಆ ಗೋರಿಗಳ ಹತ್ತಿರ ಅಮ್ಮ ಚಿಕ್ಕವರಿದ್ದಾಗ ತೆಗೆದ ಫೋಟೋ ನನ್ನ ಹತ್ತಿರವೇ ಇದೆ. ಇಲ್ಲ ಅಂತ ಅವರಿಗೆ ಯಾಕೆ ಅನ್ನಿಸಿತೋ?”

ಸಿಂಕಿನ ಅಂಚು ಹಿಡಿದುಕೊಂಡು ಎಲ್ಲ ಹೇಳಿದೆ, ನಮ್ಮ ಪದ್ಧತಿಯನ್ನೂ. ಅವರು ಬೈದಿದ್ದರೆ ಚೆನ್ನಾಗಿತ್ತು. “ಈಗಲಾದರೂ ಓದಿ,” ಎಂದಷ್ಟೇ ಹೇಳಿ, ಫೋಟೋ ಹುಡುಕಿ ಕೊಟ್ಟರು.

ಗ್ಯಾರೇಜಿನಿಂದ ಕುಂಡ ತಂದೆ. ಅರ್ಧ ಒಣಗಿತ್ತು. ಅಜ್ಜಿಯ ಪಕ್ಕ ಕುಳಿತು ಆ ಪುಟವನ್ನು ಒಂದಕ್ಷರ ಬಿಡದೆ ಓದಿದೆ. ಫೋಟೋ ಕಣ್ಣಿನ ಹತ್ತಿರ ಹಿಡಿದೆ. ಅವರಿಗೆ ಬಿಳಿ ಹಾಳೆಯಂತೆ ಕಂಡಿತೇನೋ, ಪಕ್ಕಕ್ಕಿಟ್ಟರು. “ಅಜ್ಜಿ, ಗೋರಿಗಳು ಇವೆ. ಏಳೂ ಇವೆ. ನಿಮಗೆ ನೆನಪಿದ್ದದ್ದೇ ನಿಜ. ಸುಳ್ಳು ಹೇಳಿದವಳು ನಾನು,” ಎಂದು ಅತ್ತೆ.

ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ನನ್ನ ಕೈ ತಡವಿ, ತಟ್ಟಿದರು.

“ನೀನು ತುಂಬಾ ಒಳ್ಳೆಯವಳು. ನನ್ನ ಸಮಾಧಾನಕ್ಕೆ ಏನೆಲ್ಲ ಓದುತ್ತೀಯ,” ಎಂದರು. “ಅಳಬೇಡ. ಅಲ್ಲಿ ಇರುವುದು ಹೂದೋಟ ಅಂತ ನನಗೆ ಗೊತ್ತು.”