ಅಕ್ಕ ಆರಿಸಿಟ್ಟ ಕಪ್ಪು ದ್ರಾಕ್ಷಿ

ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿ ಆಂಟಿಆಕ್ಸಿಡೆಂಟ್ ಇರುತ್ತದೆ, ಅದು ಮಿದುಳಿನ ಕೋಶಗಳನ್ನು ಕಾಯಬಹುದು ಎಂದು ಇಂಗ್ಲಿಷ್ ಮ್ಯಾಗಜೀನಿನಲ್ಲಿ ಓದುವ ಹೊತ್ತಿಗೆ, ಅಕ್ಕನಿಗೆ ಅಲ್ಜೈಮರ್ ಬಂದು ಬಹಳ ದಿನಗಳಾಗಿದ್ದವು. ಅವಳ ಡಾಕ್ಟರನ್ನು ಕೇಳಿದೆ.

"ಲ್ಯಾಬಿನಾಗ ಚಲೋ ಕಾಣಸ್ತೈತ್ರಿ ಮೇಡಮ್. ಪೇಶಂಟಿಗೆ ಗುಣಾ ಆಗತೈತಿ ಅಂತ ಹೇಳಾಕ ಬರಂಗಿಲ್ಲ. ತಿನ್ನಲಿ, ಆದ್ರ ಗುಳಿಗಿ ಬಿಡಿಸಬ್ಯಾಡ್ರಿ."

ನಾನು 'ತಿನ್ನಲಿ' ಎಂಬುದೊಂದನ್ನೇ ಗಟ್ಟಿ ಹಿಡಿದುಕೊಂಡೆ. ಸಿಲ್ಲಿ ಎನ್ನಿ, ಹೋಪ್ ಎನ್ನಿ. ಜೋರಾಪುರ ಪೇಟೆಯಲ್ಲಿ ಕಪ್ಪು ಒಣದ್ರಾಕ್ಷಿ ಕೊಂಡು ಅಕ್ಕನ ಗಂಡನ ಊರು ತಿಕೋಟಾದ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಕೂತಿದ್ದಳು. ನಾನು ಯಾರೆಂಬ ಸುಳಿವು ಅವಳ ಮುಖದಲ್ಲಿ ಇರಲಿಲ್ಲ. ದ್ರಾಕ್ಷಿಯನ್ನು ತಾಟಿಗೆ ಸುರಿದು ಮುಂದಿಟ್ಟೆ. ದ್ರಾಕ್ಷಿ ತೋಟವಿದ್ದ ಆ ಮನೆಯ ಒಣದ್ರಾಕ್ಷಿಯನ್ನೆಲ್ಲ ಆರಿಸಿ ಹಸನು ಮಾಡಿದ ಕೈ ಅವಳದು. ಹಸಿರು, ಬಂಗಾರ ಬಣ್ಣದ್ದು ಮಾರಾಟಕ್ಕೆ. ಕಪ್ಪಾದದ್ದು ಪಕ್ಕಕ್ಕೆ, ಮನೆಮಂದಿ ತಿನ್ನಲಿಕ್ಕೆ. ಬೆರಳುಗಳು ತಾವಾಗಿಯೇ ತಾಟಿನಲ್ಲಿ ಹುಡುಕತೊಡಗಿದವು.

"ಎಲ್ಲಾ ಕರೇವ ತಂದೀಯಲ್ಲ ಬೇ. ಹೊಸದಾಗಿ ಕೂಲಿಗೆ ಬಂದೀಯೇನ?"

"ಹೂಂನ್ರಿ" ಎಂದೆ. ಅವಳನ್ನು ಕರೆಕ್ಟ್ ಮಾಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು.

"ಕೈ ನೋಡು, ಬೆಣ್ಣಿ ಇದ್ದಾಂಗ ಅದಾವ. ಸಂಜೀತನಾ ಕುಂತರೂ ನಿನ್ನ ಕೈಲೆ ಒಂದು ಬುಟ್ಟಿ ಆಗಂಗಿಲ್ಲ."

ಬಾಗಿಲಲ್ಲಿದ್ದ ಅವಳ ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನನಗೂ ನಗು ಬಂತು.

"ಒಂದ ತಿಂದ ನೋಡ್ರಿ, ಸಿಹಿ ಅದಾವ."

"ನಾ ತಿನ್ನಂಗಿಲ್ಲ." ಅವಳು ಒಂದೊಂದೇ ಆರಿಸಿ ಸೆರಗಿನ ತುದಿಗೆ ಹಾಕಿಕೊಳ್ಳತೊಡಗಿದಳು. "ಇವು ನಮ್ಮ ತಂಗಿಗಿ. ಕಾನ್ವೆಂಟಿನಾಗ ಓದಾಕತ್ತಾಳ. ಸೂಟಿ ಬಿಟ್ಟರ ಬರತಾಳ."

ನಾನು ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ ನಮ್ಮ ಸುತ್ತಮುತ್ತ ದ್ರಾಕ್ಷಿ ಬೆಳೆಯೇ ಇರಲಿಲ್ಲ. ಬಬಲೇಶ್ವರದ ತವರುಮನೆಯಲ್ಲಿ ಅವಳು ನನಗೆಂದು ಹೀಗೆ ಕಟ್ಟಿಡುತ್ತಿದ್ದದ್ದು ಶೇಂಗಾ, ಬೆಲ್ಲ. ಆ ಮನೆ, ಈ ಮನೆ ಎರಡೂ ಅವಳೊಳಗೆ ಕಲೆತುಹೋಗಿದ್ದವು. ಸೂಟಿಯ ಕೆಲವೇ ದಿನಗಳು ನಮ್ಮ ಒಡನಾಟ. ಆಮೇಲೆ ಅವಳಿಗೆ ಮದುವೆಯಾಯಿತು. ಇನ್ನಾದರೂ ಕೂತು ಆ ದಿನಗಳನ್ನು ಮಾತಾಡಬೇಕೆಂದುಕೊಂಡಾಗ, ಮಾತಾಡಲು ಅವಳೇ ಸಿಗುತ್ತಿಲ್ಲ.

"ಆಕಿ ಬಂದರ ಗುರುತ ಹಿಡೀತೀರಿ?" ಎಂದು ಕೇಳಿಬಿಟ್ಟೆ.

"ನನ್ನ ತಂಗೀನ ನಾ ಗುರುತ ಹಿಡಿಯಂಗಿಲ್ಲೇನ?" ತಲೆ ಕೆಟ್ಟವಳನ್ನು ನೋಡುವಂತೆ ನನ್ನನ್ನು ನೋಡಿದಳು. "ಸುಮ್ನ ಕೆಲಸಾ ಮಾಡು."

ಔಷಧಿಯೆಂದು ತಂದದ್ದರಲ್ಲಿ ಒಂದೂ ಅವಳ ಬಾಯಿಗೆ ಹೋಗಲಿಲ್ಲ. ತಾಟನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡು, ಅವಳ ತಂಗಿಗಾಗಿ ನಾನೂ ಆರಿಸುತ್ತ ಕೂತೆ.