ಹಾಡಿನ ಹುಡುಗಿಗೆ ಸುರಿದ ಕಣ್ಣೀರು

ಲಾವಣಿಯಲ್ಲಿ ಪ್ರೀತಿಸಿದ ಹುಡುಗಿ ಸಾಯಲೇಬೇಕು. ಇದು ನಿಮಗೆ ಗೊತ್ತಿರುವುದೇ. ನಮ್ಮ ಬೀದಿಯ ಹೊಲಿಗೆ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವ ಅಕ್ಕ ಲಾವಣಿ ಎತ್ತಿಕೊಂಡರೆ ಬೀದಿಯೇ ಬಂದು ಕೂರುತ್ತಿತ್ತು. ಅವಳ ತಂಗಿಯೂ ಮನೆಯವರು ಒಪ್ಪದವನನ್ನು ಪ್ರೀತಿಸಿದ್ದಳು. ಅಕ್ಕ ಕೆಲಸಕ್ಕೆ ಹೋಗಿದ್ದಾಗ ಅಪ್ಪ ಕೊಡಲಿ ಹಿಡಿದು ಅಟ್ಟಿಸಿಕೊಂಡು ಬಂದ. ಹುಡುಗಿ ಬೀದಿಯ ಒಂದೊಂದು ಕದವನ್ನೂ ಬಡಿದಳು, ಯಾರೂ ತೆಗೆಯಲಿಲ್ಲ. ಕೊನೆಗೆ ಕೆರೆಯಲ್ಲಿ ಹೆಣವಾಗಿ ತೇಲಿದಳು.

ಆಮೇಲೊಂದು ದಿನ ಅಕ್ಕ, ಲಾವಣಿಯ ಹುಡುಗಿ ಬಾವಿಕಟ್ಟೆ ಹತ್ತಿದಲ್ಲಿಗೇ ಹಾಡು ನಿಲ್ಲಿಸಿದಳು.

"ಅರ್ಧಕ್ಕೆ ಬಿಟ್ಟು ಹೊಟ್ಟೆ ಉರಿಸಬೇಡ ಕಣೇ. ಕೊನೇಲಿ ಅವಳ ಗೋರಿ ಮೇಲೆ ಬಳ್ಳಿ ಹಬ್ಬೋದೇ ಹಾಡಿಗೆ ಚೆಂದ," ಎಂದು ಎದುರುಮನೆಯ ಅಜ್ಜಿ ಕಣ್ಣೊರೆಸಿಕೊಂಡಳು.

"ನನ್ನ ತಂಗಿ ಮೇಲೆ ಯಾವ ಬಳ್ಳೀನೂ ಹಬ್ಬಲಿಲ್ಲ ಅಜ್ಜಿ. ಅವತ್ತು ಅವಳು ನಿಮ್ಮ ಕದ ಬಡಿದಿದ್ದು ಕೇಳಿಸ್ತಾ?"

ಅಕ್ಕ ಸೂಜಿಗೆ ದಾರ ಪೋಣಿಸಿದಳು, ಮತ್ತೆಂದೂ ಹಾಡಲಿಲ್ಲ.

ಹಾಡಿನ ಹುಡುಗಿಗಾಗಿ ಅಳುವವರೇ, ಮೊದಲು ನಿಮ್ಮ ಕದದ ಚಿಲಕ ತೆಗೆಯಿರಿ.